ಕ್ಯೋಟೊದ ಮನೆಯೊಂದರಲ್ಲಿ ವರ್ಷ ಬೆಳಗಾದ ಬಗೆ

2024ರ ಡಿಸೆಂಬರ್ 16ರ ಸಂಜೆ, ಕ್ಯೋಟೊ ನಗರದ ಸಾಕ್ಯೊ ವಾರ್ಡಿನಲ್ಲಿ, ಕಾಮೊ ನದಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಮರದ ಮನೆಯೊಂದರ ಮುಂದೆ ಒಂದು ಸೂಟ್‌ಕೇಸು ಮತ್ತು ಒಂದು ಕಿಲೋ ಮೈಸೂರು ಪಾಕಿನೊಂದಿಗೆ ನಾನು ನಿಂತಿದ್ದೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಎರಡೂವರೆ ವರ್ಷ ವಾರಾಂತ್ಯದ ತರಗತಿಗಳಿಗೆ ಹೋಗಿ, ಜಪಾನೀ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದಾದ ಎನ್4 ಅನ್ನು ಪಾಸು ಮಾಡಿದ್ದೆ. ಜನವರಿಯ ನಡುವಿನಲ್ಲಿ ಭಾಷಾ ಶಾಲೆಯ ತರಗತಿಗಳು ಆರಂಭವಾಗುವವರೆಗೆ ಒಂದು ತಿಂಗಳು ಯಾರದಾದರೂ ಮನೆಯಲ್ಲಿ ಉಳಿದು ಮಾತನ್ನು ಪಳಗಿಸಿಕೊಳ್ಳಬೇಕೆಂಬುದು ನನ್ನ ಎಣಿಕೆಯಾಗಿತ್ತು. ಆ ತಿಂಗಳು ಜಪಾನಿನವರ ಪಾಲಿಗೆ ವರ್ಷದ ಅತ್ಯಂತ ದೊಡ್ಡ ಹಬ್ಬದ ತಿಂಗಳೆಂಬುದು ನನಗೆ ಗೊತ್ತಿತ್ತು. ಆದರೆ ಅದು ನನ್ನ ಭಾಷಾಜ್ಞಾನದ ಪಾಲಿಗೆ ಎಂಥ ಪರೀಕ್ಷೆಯಾಗಲಿದೆ ಎಂಬುದು ಗೊತ್ತಿರಲಿಲ್ಲ.

ಮೊದಲಿಗೆ ನನ್ನ ಆತ್ಮವಿಶ್ವಾಸ ಎಲ್ಲಿಂದ ಬಂದಿತ್ತೆಂದು ಹೇಳಬೇಕು. ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿದ್ದುದರಿಂದ ಆರಂಭದ ಆರು ತಿಂಗಳು ನಾನು ಜಪಾನೀ ವಾಕ್ಯಗಳನ್ನು ಇಂಗ್ಲಿಷಿನ ಮೂಲಕವೇ ಅರ್ಥ ಮಾಡಿಕೊಳ್ಳಲು ಒದ್ದಾಡಿದ್ದೆ. ಒಂದು ದಿನ ‘ತಾಬೆತೆ ಮಿರು’ ಎಂಬ ಪ್ರಯೋಗ ಬಂತು. ‘ತಾಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ಇಂಗ್ಲಿಷಿನಲ್ಲಿ ಅರ್ಧ ಪುಟ ವಿವರಣೆ ಬೇಡುವ ಈ ಮಾತು ನಮ್ಮ ‘ತಿಂದು ನೋಡು’ ಅಲ್ಲದೆ ಬೇರೇನೂ ಅಲ್ಲ. ಅಲ್ಲಿಂದ ಮುಂದೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ‘ಶಿತೆ ಒಕು’ ಎಂಬುದು ನಮ್ಮ ‘ಮಾಡಿ ಇಡು’. ‘ದಾರೆ’ ಎಂದರೆ ಯಾರು. ಅದಕ್ಕೆ ‘ಕಾ’ ಸೇರಿಸಿದರೆ ‘ಯಾರೋ’ ಆಗುತ್ತದೆ, ‘ಮೊ’ ಸೇರಿಸಿ ಮುಂದೆ ಇಲ್ಲವೆಂಬ ಕ್ರಿಯಾಪದ ಇಟ್ಟರೆ ‘ಯಾರೂ ಇಲ್ಲ’ ಎಂಬುದರ ‘ಯಾರೂ’ ಆಗುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದಂತೂ ಸರಿಯೇ ಸರಿ. ತರಗತಿಯಲ್ಲಿ ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದವರು ವಾಕ್ಯವನ್ನು ತಲೆಕೆಳಗು ಮಾಡಿ ಜೋಡಿಸುತ್ತಿದ್ದಾಗ ನಾನು ಕನ್ನಡದಲ್ಲಿ ಯೋಚಿಸಿ ಪದಗಳನ್ನು ಮಾತ್ರ ಬದಲಿಸುತ್ತಿದ್ದೆ. ವಾಕ್ಯ ಸಲೀಸಾಗಿ ಬರುತ್ತಿತ್ತು. ಸಲೀಸಾಗಿ ಮಾತಾಡುವವನಿಗೆ ರೀತಿ ರಿವಾಜೂ ಗೊತ್ತಿದೆಯೆಂದು ಕೇಳುವವರು ನಂಬಿಬಿಡುತ್ತಾರೆ. ತೊದಲುವವನಿಗೆ ಸಿಗುವ ರಿಯಾಯಿತಿ ಅವನಿಗೆ ಸಿಗುವುದಿಲ್ಲ.

ಆ ಮನೆಯಲ್ಲಿದ್ದವರು ಎಪ್ಪತ್ತರ ಆಸುಪಾಸಿನ ದಂಪತಿ. ಆಕೆಯನ್ನು ನಾನು ‘ಒಕಾಸಾನ್’, ಅಂದರೆ ಅಮ್ಮ, ಎಂದೂ ಅವರನ್ನು ‘ಒತೋಸಾನ್’, ಅಂದರೆ ಅಪ್ಪ, ಎಂದೂ ಕರೆಯಬೇಕೆಂದು ಮೊದಲ ದಿನವೇ ಒಪ್ಪಂದವಾಯಿತು; ಅವರು ನನ್ನ ಹೆಸರಿಗೆ ‘ಸಾನ್’ ಸೇರಿಸಿ ಬಹುವಚನದ ಗೌರವದಲ್ಲೇ ಕರೆಯುತ್ತಿದ್ದರು. ಬಾಗಿಲು ದಾಟಿದೊಡನೆ ಸಿಗುವ ತಗ್ಗಿನ ಜಾಗ ‘ಗೆಂಕಾನ್’. ಚಪ್ಪಲಿ ಹೊರಗೆ ಬಿಡುವ ಅಭ್ಯಾಸದ ನಮಗೆ ಅದೇನೂ ಹೊಸತಲ್ಲ, ಆದರೆ ಶೂ ಬಿಚ್ಚಿ ಮೇಲೆ ಹತ್ತಿದ ಬಳಿಕ ಹಿಂತಿರುಗಿ ಮಂಡಿಯೂರಿ ಕುಳಿತು, ಅವುಗಳ ಮೂತಿ ಬಾಗಿಲ ಕಡೆಗೆ ಬರುವಂತೆ ತಿರುಗಿಸಿ ಇಡಬೇಕು. ನಾನು ಮರೆತದ್ದನ್ನು ಒಕಾಸಾನ್ ಏನೂ ಹೇಳದೆ ತಾವೇ ತಿರುಗಿಸಿಟ್ಟರು. ಅವರು ತಿದ್ದುವ ರೀತಿಯೇ ಅದೆಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಮೈಸೂರು ಪಾಕಿನ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಕಂಠಪಾಠ ಮಾಡಿದ್ದ ‘ತ್ಸುಮರಾನಾಯಿ ಮೊನೊ ದೆಸು ಗಾ’ ಎಂಬ ಮಾತನ್ನು ಹೇಳಿದೆ. ಏನೂ ವಿಶೇಷವಿಲ್ಲದ ಅಲ್ಪ ವಸ್ತು, ಆದರೂ ಸ್ವೀಕರಿಸಿ ಎಂದು ಅದರ ಭಾವ. ಅವರು ತಲೆಬಾಗಿ ತೆಗೆದುಕೊಂಡರು, ಬಿಚ್ಚಲಿಲ್ಲ. ಒಳಗಿನ ಕೋಣೆಗೆ ಒಯ್ದರು. ಗಂಟೆಯ ಒಂದು ಸಣ್ಣ ಸದ್ದು ಕೇಳಿಸಿತು. ಬಗ್ಗಿ ನೋಡಿದಾಗ, ತೀರಿಕೊಂಡ ಹಿರಿಯರ ಹೆಸರಿನ ಫಲಕಗಳಿರುವ ‘ಬುತ್ಸುದಾನ್’ ಎಂಬ ಮನೆಯ ಬೌದ್ಧ ಪೀಠದ ಮುಂದೆ ಡಬ್ಬಿಯನ್ನಿಟ್ಟು ಅವರು ಕೈಮುಗಿದು ಕುಳಿತಿದ್ದರು. ಮನೆಗೆ ಬಂದ ಉಡುಗೊರೆ ಮೊದಲು ಹಿರಿಯರಿಗೆ, ಆಮೇಲೆ ಇದ್ದವರಿಗೆ. ನೈವೇದ್ಯವಾಗದೆ ತಿಂಡಿಗೆ ಕೈ ಹಾಕಿದರೆ ಅಜ್ಜಿಯಿಂದ ಗದರಿಸಿಕೊಳ್ಳುತ್ತಿದ್ದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮರುದಿನ ಚಹಾದ ಜೊತೆಗೆ ಒಂದೊಂದು ತುಂಡು ತಿಂದು, ಇಷ್ಟು ಸಿಹಿ ಮತ್ತು ಇಷ್ಟು ತುಪ್ಪ ಒಂದೇ ಕಡೆ ಇರಲು ಹೇಗೆ ಸಾಧ್ಯವೆಂದು ಇಬ್ಬರೂ ಆಶ್ಚರ್ಯಪಟ್ಟರು.

ಊಟದ ವಿಷಯದಲ್ಲಿ ಮೊದಲ ಏಟು ಬಿತ್ತು. ನಾನು ‘ನಿಕು ವಾ ತಾಬೆಮಾಸೆನ್’, ಮಾಂಸ ತಿನ್ನುವುದಿಲ್ಲ, ಎಂದು ಮುಂಚೆಯೇ ಬರೆದು ತಿಳಿಸಿದ್ದೆ. ರಾತ್ರಿ ಬೇಯಿಸಿದ ಪಾಲಕ್ ಸೊಪ್ಪಿನ ಪುಟ್ಟ ಬಟ್ಟಲು ಬಂತು. ಅದರ ಮೇಲೆ ತೆಳ್ಳನೆಯ, ಮರದ ಹೊಟ್ಟಿನಂಥ ಪದರಗಳು ಬಿಸಿಗೆ ಜೀವ ಬಂದಂತೆ ಅಲ್ಲಾಡುತ್ತಿದ್ದವು. ಏನೆಂದು ಕೇಳಿದೆ. ‘ಕತ್ಸುವೊಬುಶಿ’, ಒಣಗಿಸಿ ಹೊಗೆಯಾಡಿಸಿ ಗಟ್ಟಿಯಾಗಿಸಿದ ಮೀನಿನ ಹೆರೆದ ಚೂರು. ‘ಆದರೆ ಇದು ನಿಕು ಅಲ್ಲವಲ್ಲ, ಮೀನು’ ಎಂದು ಒಕಾಸಾನ್ ನಿಜವಾದ ಗೊಂದಲದಿಂದ ಹೇಳಿದರು. ತಪ್ಪು ಅವರದಲ್ಲ. ‘ನಿಕು’ ಎಂಬುದು ನೆಲದ ಪ್ರಾಣಿಯ ಮಾಂಸಕ್ಕೆ ಹೇಳುವ ಮಾತು, ಮೀನು ಅದರೊಳಗೆ ಬರುವುದಿಲ್ಲ. ಜಪಾನಿನ ಸಾರು, ಸೊಪ್ಪು, ಗೆಡ್ಡೆ ಯಾವುದಕ್ಕೂ ಆಧಾರವಾದ ‘ದಾಶಿ’ ಎಂಬ ತಿಳಿನೀರಿನಲ್ಲಿ ಸಾಮಾನ್ಯವಾಗಿ ಇದೇ ಮೀನಿನ ರಸವಿರುತ್ತದೆ. ಮರುದಿನದಿಂದ ಅವರು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯಿಂದ ನನಗಾಗಿ ಬೇರೆ ದಾಶಿ ಮಾಡಿದರು. ಬೌದ್ಧ ಮಠಗಳ ಅಡುಗೆಯಲ್ಲಿ ಅದು ಎಂದಿನಿಂದಲೂ ಇದೆ. ನನಗಾಗಿ ಎರಡು ಪಾತ್ರೆ ಒಲೆಯ ಮೇಲೇರುವುದನ್ನು ನೋಡಿದ ಮೇಲೆ, ಊಟ ಮುಗಿಸಿ ಹೇಳುವ ‘ಗೊಚಿಸೋಸಾಮಾ’ ಎಂಬ ಮಾತಿನ ಮೂಲ ಅರ್ಥ ನನ್ನ ಪಾಲಿಗೆ ಬರೀ ನಿಘಂಟಿನ ಸಾಲಾಗಿ ಉಳಿಯಲಿಲ್ಲ: ಅತಿಥಿಗಾಗಿ ಓಡಾಡುವುದು ಎಂಬ ಎರಡು ಅಕ್ಷರಗಳಿಂದ ಆ ಪದ ಹುಟ್ಟಿದೆ.

ಬೆಳಿಗ್ಗೆ ಮನೆ ಬಿಡುವಾಗ ಹೇಳಬೇಕಾದ ಮಾತು ‘ಇತ್ತೆಕಿಮಾಸ್’. ‘ಇತ್ತೆ’ ಎಂದರೆ ಹೋಗಿ, ‘ಕಿಮಾಸ್’ ಎಂದರೆ ಬರುತ್ತೇನೆ. ಒಳಗಿನಿಂದ ‘ಇತ್ತೆರಾಶ್ಶಾಯ್’, ಹೋಗಿ ಬನ್ನಿ, ಎಂಬ ಉತ್ತರ ಬರುತ್ತದೆ. ‘ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು’ ಎಂದು ತಿದ್ದಿಸಿಕೊಂಡು ಬೆಳೆದ ನನಗೆ ಅದು ಹೊಸ ಮಾತೆನಿಸಲೇ ಇಲ್ಲ. ಹಿಂತಿರುಗಿದಾಗ ‘ತದಾಯಿಮಾ’, ಒಳಗಿನಿಂದ ‘ಒಕಾಯೆರಿ’. ಇವು ಒಂಟಿ ಮಾತುಗಳಲ್ಲ, ಜೋಡಿಗಳು. ಒಂದು ಬಾರಿ ಯಾರೂ ಇಲ್ಲವೆಂದುಕೊಂಡು ಸುಮ್ಮನೆ ಒಳಬಂದಾಗ ಮಹಡಿಯ ಮೇಲಿದ್ದ ಒತೋಸಾನ್ ಇಳಿದು ಬಂದು ನನ್ನನ್ನು ನೋಡಿ, ನಾನು ‘ತದಾಯಿಮಾ’ ಎನ್ನುವವರೆಗೆ ಕಾದು, ‘ಒಕಾಯೆರಿ’ ಎಂದು ಹೇಳಿ ಮತ್ತೆ ಮೇಲೆ ಹೋದರು.

ಕ್ಯೋಟೊದಲ್ಲಿ ಹೊಸ ವರ್ಷದ ಸಿದ್ಧತೆ ಡಿಸೆಂಬರ್ 13ರಿಂದಲೇ ಆರಂಭವೆಂಬ ಲೆಕ್ಕವಿದೆ. ನಾನು ಬಂದಾಗ ಊಟದ ಮೇಜಿನ ಅರ್ಧದಷ್ಟು ಜಾಗವನ್ನು ‘ನೆಂಗಾಜೋ’ ಎಂಬ ಹೊಸ ವರ್ಷದ ಅಂಚೆ ಕಾರ್ಡುಗಳು ಆಕ್ರಮಿಸಿದ್ದವು. ಡಿಸೆಂಬರ್ 15ರಿಂದ 25ರ ನಡುವೆ ಹಾಕಿದ ಕಾರ್ಡುಗಳನ್ನು ಅಂಚೆ ಇಲಾಖೆ ಕೂಡಿಟ್ಟುಕೊಂಡು ಜನವರಿ 1ರಂದೇ ಮನೆಮನೆಗೆ ಹಂಚುತ್ತದೆ. ಆ ವರ್ಷದ ಅಕ್ಟೋಬರಿನಲ್ಲಿ ಕಾರ್ಡಿನ ದರ 63 ಯೆನ್‌ನಿಂದ 85ಕ್ಕೆ ಏರಿತ್ತು, ಮುಂದಿನ ವರ್ಷದಿಂದ ನಿಲ್ಲಿಸೋಣವೆಂದು ಒತೋಸಾನ್ ಪ್ರತಿ ಹತ್ತು ಕಾರ್ಡಿಗೊಮ್ಮೆ ಹೇಳುತ್ತಿದ್ದರು. 2025 ಹಾವಿನ ವರ್ಷವಾದ್ದರಿಂದ ಎಲ್ಲ ಕಾರ್ಡುಗಳಲ್ಲೂ ಹಾವಿನ ಚಿತ್ರಗಳು. ನಮ್ಮ ಊರಿನಲ್ಲಿ ಹಾವಿಗೆ ಹಾಲೆರೆಯುವ ಹಬ್ಬವೇ ಇದೆಯೆಂದು ನಾನು ಹೇಳಿದ್ದು ಅವರಿಗೆ ಬಹಳ ಹಿಡಿಸಿತು.

ಕಾರ್ಡುಗಳ ರಾಶಿಯ ಪಕ್ಕದಲ್ಲಿ ಬೂದುಬಣ್ಣದ, ಹೂವಿನ ಸಣ್ಣ ಚಿತ್ರವಿದ್ದ ನಾಲ್ಕು ಕಾರ್ಡುಗಳು ಬೇರೆಯಾಗಿದ್ದವು. ‘ಮೊಚೂ’, ನಾವು ದುಃಖದಲ್ಲಿದ್ದೇವೆ ಎಂದು ಆ ಮನೆಗಳವರು ಮೊದಲೇ ತಿಳಿಸಿದ ಪತ್ರಗಳವು. ವರ್ಷದೊಳಗೆ ಮನೆಯಲ್ಲಿ ಸಾವಾಗಿದ್ದರೆ ಅವರು ಶುಭಾಶಯ ಕಳಿಸುವುದಿಲ್ಲ, ಇತರರು ಅವರಿಗೆ ಕಳಿಸುವುದೂ ಇಲ್ಲ. ಒಕಾಸಾನ್ ಇದನ್ನು ವಿದೇಶಿಯೊಬ್ಬರಿಗೆ ಹೇಗೆ ವಿವರಿಸುವುದೆಂದು ಪದ ಹುಡುಕುತ್ತಿದ್ದಾಗ ನಾನೇ, ನಮ್ಮಲ್ಲೂ ಸಾವಾದ ಮನೆಯವರಿಗೆ ಆ ವರ್ಷ ಹಬ್ಬವಿಲ್ಲ ಎಂದೆ. ಅವರು ‘ಆ, ನಾರುಹೊದೊ’, ಹೌದೇ, ಹಾಗೋ, ಎಂದು ನಿಟ್ಟುಸಿರಿಟ್ಟರು. ಇಂಥ ಹೋಲಿಕೆಗಳು ದಿನಕ್ಕೊಂದು ಸಿಗುತ್ತಿದ್ದವು, ಮತ್ತು ಪ್ರತಿಯೊಂದೂ ನನ್ನ ಆತ್ಮವಿಶ್ವಾಸವನ್ನು ಒಂದು ಇಂಚು ಹೆಚ್ಚಿಸುತ್ತಿತ್ತು.

26ರಿಂದ ಎರಡು ದಿನ ‘ಓಸೋಜಿ’, ಅಂದರೆ ಮಹಾ ಶುಚಿ ಕಾರ್ಯ. ಯುಗಾದಿಗೆ ಮುನ್ನ ನಮ್ಮಲ್ಲಿ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಧೂಳು ಹೊಡೆಯುವಂತೆಯೇ. ಕಿಟಕಿಯ ಗಾಜು ನನ್ನ ಪಾಲಿಗೆ ಬಂತು. 28ರಂದು ‘ಕಾಗಾಮಿ ಮೋಚಿ’ ಇಟ್ಟರು: ಜಿಗುಟು ಅಕ್ಕಿಯನ್ನು ಕುಟ್ಟಿ ಮಾಡಿದ ಎರಡು ದುಂಡನೆಯ ಬಿಳಿಯ ಮುದ್ದೆಗಳು ಒಂದರ ಮೇಲೊಂದು, ಶಿಖರದಲ್ಲಿ ‘ದಾಯಿದಾಯಿ’ ಎಂಬ ಕಹಿ ಕಿತ್ತಳೆ. ‘ದಾಯಿದಾಯಿ’ ಎಂದರೆ ತಲೆತಲೆಮಾರು ಎಂಬ ಅರ್ಥವೂ ಇದೆ, ಆದ್ದರಿಂದ ಆ ಹಣ್ಣು. 28ರಂದೇ ಏಕೆ? 29ರ ಒಂಬತ್ತು, ‘ಕು’, ಸಂಕಟ ಎಂಬ ಪದದ ಸದ್ದನ್ನು ಹೋಲುತ್ತದೆ. 31ರಂದು ಇಟ್ಟರೆ ಒಂದೇ ರಾತ್ರಿಯ ಅವಸರದ ಅಲಂಕಾರವಾಗಿ ದೇವರಿಗೆ ಅಗೌರವವಾಗುತ್ತದೆ. ಬಾಗಿಲಿಗೆ, ಬೇರುಸಹಿತ ಕಿತ್ತ ಎಳೆಯ ಪೈನ್ ಗಿಡವೊಂದನ್ನು ಬಿಳಿ ಕಾಗದ ಸುತ್ತಿ ಕಟ್ಟಿದರು. ಇತರ ಊರುಗಳಲ್ಲಿ ಬಿದಿರು ಸೇರಿಸಿ ದೊಡ್ಡದಾಗಿ ಮಾಡುತ್ತಾರೆ, ಕ್ಯೋಟೊದ ಹಳೆಯ ಮನೆಗಳಲ್ಲಿ ಇಷ್ಟೇ. ಮಾವಿನ ತೋರಣದ ಅದ್ದೂರಿ ಕಂಡವರಿಗೆ ಬಡತನವೆನಿಸಬಹುದು. ನನಗೆ ಮೊದಲು ಹಾಗೆಯೇ ಅನ್ನಿಸಿತು, ನಾಲ್ಕು ದಿನ ಕಂಡ ಮೇಲೆ ಬದಲಾಯಿತು.

28ರ ಮಧ್ಯಾಹ್ನ ತರಕಾರಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹಿರಿಯರು ಚಿಲ್ಲರೆ ಕೊಟ್ಟು, ‘ಯೋಯಿ ಒತೋಶಿ ಒ’ ಎಂದರು. ನಾನು ಎದೆಯುಬ್ಬಿಸಿ ‘ಅಕೆಮಾಶಿತೆ ಒಮೆದೆತೋ ಗೊಝಾಯಿಮಾಸ್’ ಎಂದು ಹೊಸ ವರ್ಷದ ಶುಭಾಶಯ ಹೇಳಿದೆ. ಅಂಗಡಿಯಲ್ಲಿ ಒಂದು ಕ್ಷಣ ಮೌನ. ಬಳಿಕ ಅವರು ನಗುತ್ತಾ ‘ಮಾದಾ, ಮಾದಾ’, ಇನ್ನೂ ಇಲ್ಲ, ಇನ್ನೂ ಇಲ್ಲ, ಎಂದರು. ಶುಭಾಶಯವನ್ನು ನಾಲ್ಕು ದಿನ ಮುಂಚಿತವಾಗಿ ಕಳಿಸಿ ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಆದರೆ ದಾರಿಯುದ್ದಕ್ಕೂ ನನ್ನನ್ನು ಕೊರೆದದ್ದು ಬೇರೆಯೇ. ‘ಅಕೆರು’ ಎಂದರೆ ಬೆಳಗಾಗುವುದು. ‘ಅಕೆಮಾಶಿತೆ’ ಎಂದರೆ ಬೆಳಗಾಗಿ. ನಮ್ಮ ‘ಮಾಡಿ’, ‘ಹೋಗಿ’, ‘ತಿಂದು’ಗಳಂತೆಯೇ ಅದೂ ಕ್ರಿಯೆ ಮುಗಿದಿದೆಯೆಂದು ಸಾರುವ ರೂಪ. ವರ್ಷ ಬೆಳಗಾದ ಮೇಲೆ ಹೇಳಬೇಕಾದ ಮಾತನ್ನು ಕತ್ತಲಿರುವಾಗಲೇ ಹೇಳಿದ್ದೆ. ಅವರು ಹೇಳಿದ ‘ಯೋಯಿ ಒತೋಶಿ ಒ’ ಎಂಬುದು ಒಳ್ಳೆಯ ವರ್ಷವನ್ನು ಎದುರುಗೊಳ್ಳಿ ಎಂಬ ಮಾತಿನ ಮೊದಲರ್ಧ. 31ರ ರಾತ್ರಿಯವರೆಗೆ ಸಲ್ಲುವುದು ಅದೊಂದೇ. ಎರಡು ವರ್ಷದಿಂದ ಬಲ್ಲ ವ್ಯಾಕರಣ ನಾಲಿಗೆಯ ತುದಿಯಲ್ಲಿದ್ದೂ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ನಾನು ಆ ಶುಭಾಶಯವನ್ನು ಒಡೆದು ನೋಡಿರಲೇ ಇಲ್ಲ, ಇಡಿಯಾಗಿ ನುಂಗಿದ್ದೆ.

30ರಂದು ಪಕ್ಕದ ಮನೆಯ ಅಜ್ಜಿ ಬಂದರು. ಕನ್ನಡದಲ್ಲಿ ಬರೆಯುವಾಗ ಅಜ್ಜಿ ಎನ್ನುತ್ತಿದ್ದೇನೆ. ಅಲ್ಲಿ ಹಾಗೆ ಕರೆಯುವಂತಿಲ್ಲ. ರಸ್ತೆಯಲ್ಲಿ ಕಂಡವರನ್ನೆಲ್ಲ ಅಜ್ಜಿ, ಅಣ್ಣ, ಅಕ್ಕ ಎಂದು ನೆಂಟರನ್ನಾಗಿಸಿಕೊಳ್ಳುವ ನಮ್ಮ ಸಲುಗೆ ಅಲ್ಲಿ ನಡೆಯದು, ಮನೆತನದ ಹೆಸರಿಗೆ ‘ಸಾನ್’ ಸೇರಿಸಿಯೇ ಕರೆಯಬೇಕು. ಅವರ ಕೈಯಲ್ಲಿ ಒಂದು ಪುಟ್ಟ ಮುಚ್ಚಳದ ಡಬ್ಬಿಯಿತ್ತು. ಹೊಸ ವರ್ಷದ ‘ಓಸೆಚಿ’ ಊಟದ ಬಹುಪಾಲು ಮೀನು, ಸಿಗಡಿ, ಮೊಟ್ಟೆಗಳದ್ದು, ನನಗೆ ತಿನ್ನಲು ಕಡಿಮೆ ಇದೆಯೆಂದು ಒಕಾಸಾನರಿಂದ ಕೇಳಿ ತಿಳಿದು, ತಾವೇ ಬೇಯಿಸಿದ ‘ಕುರೊಮಾಮೆ’ ತಂದಿದ್ದರು. ಕುರೊಮಾಮೆ ಎಂದರೆ ಕರಿ ಸೋಯಾ ಕಾಳು. ಕ್ಯೋಟೊದ ಪಕ್ಕದ ತಾಂಬಾ ಸೀಮೆಯ ದಪ್ಪ ಕಾಳು ಅದಕ್ಕೆ ಹೆಸರುವಾಸಿ. ರಾತ್ರಿಯಿಡೀ ಸಕ್ಕರೆ ನೀರಿನಲ್ಲಿ ನೆನೆಸಿ, ಮರುದಿನ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ, ಸಿಪ್ಪೆ ಸುಕ್ಕಾಗದಂತೆ, ಕಾಳು ನೀರಿನಿಂದ ಮೇಲೆ ತಲೆಯೆತ್ತದಂತೆ ಕಾಯುತ್ತ ಬೇಯಿಸಬೇಕು. ಬಣ್ಣ ಗಾಢವಾಗಿ ನಿಲ್ಲಲೆಂದು ಪಾತ್ರೆಗೆ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕುವ ಹಳೆಯ ಪದ್ಧತಿಯನ್ನು ಆ ಅಜ್ಜಿ ಇನ್ನೂ ಬಿಟ್ಟಿರಲಿಲ್ಲ. ಡಬ್ಬಿ ತೆರೆದಾಗ ಕಾಳುಗಳು ಅರಗಿನಂತೆ ಹೊಳೆಯುತ್ತಿದ್ದವು, ಒಂದರ ಸಿಪ್ಪೆಯೂ ಒಡೆದಿರಲಿಲ್ಲ. ‘ಮಾಮೆ’ ಎಂದರೆ ಕಾಳು, ಜೊತೆಗೆ ಆರೋಗ್ಯದಿಂದ ಶ್ರಮಿಸುವುದು ಎಂಬ ಅರ್ಥವೂ ಇದೆ. ನಾನು ಮೂರು ಸಲ ತಲೆಬಾಗಿ, ಮೂರು ಬಗೆಯ ಕೃತಜ್ಞತೆಯ ಮಾತುಗಳನ್ನು ಹೇಳಿ ಅವರನ್ನು ಬಾಗಿಲವರೆಗೆ ಕಳುಹಿಸಿಕೊಟ್ಟೆ. ಅಲ್ಲಿಗೆ ಆ ವಿಷಯ ಮುಗಿಯಿತೆಂದುಕೊಂಡೆ.

31ರ ರಾತ್ರಿ ‘ತೋಶಿಕೋಶಿ ಸೋಬಾ’ ಎಂಬ ಹುರುಳಿಗೋಧಿಯ, ಅಂದರೆ ಬಕ್‌ವೀಟಿನ, ಉದ್ದನೆಯ ಶಾವಿಗೆ ತಿಂದು ಯಾಸಾಕಾ ದೇವಾಲಯಕ್ಕೆ ಹೋದೆವು. ಅಲ್ಲಿ ‘ಒಕೆರಾ’ ಎಂಬ ಗಿಡಮೂಲಿಕೆ ಹಾಕಿ ಉರಿಸಿದ ದೀಪಗಳಿಂದ ಜನರು ಬಿದಿರಿನ ನಾರಿನ ಹಗ್ಗದ ತುದಿಗೆ ಕಿಡಿ ಹತ್ತಿಸಿಕೊಳ್ಳುತ್ತಾರೆ. ಆರದಂತೆ ಅದನ್ನು ಗರಗರನೆ ತಿರುಗಿಸುತ್ತಾ ಮನೆಗೆ ನಡೆದು, ವರ್ಷದ ಮೊದಲ ಅಡುಗೆಯ ಒಲೆಯನ್ನು ಅದರಿಂದ ಹೊತ್ತಿಸುವುದು ಸಂಪ್ರದಾಯ. ಕತ್ತಲ ರಸ್ತೆಯಲ್ಲಿ ನೂರಾರು ಕೆಂಪು ಚಕ್ರಗಳು. ನಾವು ಬಸ್ಸು ಹಿಡಿಯಬೇಕಾದ್ದರಿಂದ ಕಿಡಿಯನ್ನು ಆರಿಸಿ, ಸುಟ್ಟ ತುದಿಯ ಹಗ್ಗವನ್ನು ಅಡುಗೆಮನೆಯಲ್ಲಿ ಬೆಂಕಿ ಅನಾಹುತದ ರಕ್ಷೆಯಾಗಿ ತೂಗುಹಾಕಲು ತಂದೆವು. ಪಕ್ಕದಲ್ಲೇ ಇರುವ ಚಿಯೋನ್-ಇನ್ ಮಠದಲ್ಲಿ 1636ರಲ್ಲಿ ಎರಕ ಹೊಯ್ದ ಸುಮಾರು 70 ಟನ್ ತೂಕದ ಗಂಟೆಯನ್ನು 17 ಮಂದಿ ಭಿಕ್ಷುಗಳು ಹಗ್ಗ ಹಿಡಿದು ಬಾರಿಸುತ್ತಿದ್ದರು. ಒಬ್ಬರು ಮುಖ್ಯ ಹಗ್ಗದಿಂದ ಜೋತು, ಬೆನ್ನು ನೆಲಕ್ಕೆ ತಾಗುವಂತೆ ಹಿಂದಕ್ಕೆ ಬೀಳುತ್ತಾರೆ; ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಒಟ್ಟು 108 ಪೆಟ್ಟು, ಮನುಷ್ಯನ 108 ‘ಬೊನ್ನೋ’ಗಳ ಲೆಕ್ಕಕ್ಕೆ, ಬೊನ್ನೋ ಎಂಬುದು ಸಂಸ್ಕೃತದ ಕ್ಲೇಶ ಎಂಬ ಪದದ ಅನುವಾದ. ನೂರೆಂಟು ತಾಪತ್ರಯ ಎಂದು ನಾವು ದಿನವೂ ಗೊಣಗುವ ಲೆಕ್ಕ ಅಲ್ಲಿಯೂ ನೂರೆಂಟೇ.

ಹೊಸ ವರ್ಷದ ಬೆಳಿಗ್ಗೆ ಕ್ಯೋಟೊ ಬಗೆಯ ‘ಓಝೋನಿ’: ಬಿಳಿ ಮಿಸೋ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಿಹಿಯಾದ ಗಟ್ಟಿ ಸಾರು, ದುಂಡನೆಯ ಮೋಚಿ, ಮೂಲಂಗಿ, ಕೆಂಪು ಕ್ಯಾರೆಟ್ ಮತ್ತು ತಾಯಿ ಕೆಸುವಿನ ಗೆಡ್ಡೆ. ಟೋಕಿಯೊ ಕಡೆ ತಿಳಿಸಾರಿಗೆ ಚೌಕದ ಮೋಚಿ ಹಾಕುತ್ತಾರೆಂದು ಒತೋಸಾನ್ ಸ್ವಲ್ಪ ಮರುಕದಿಂದಲೇ ಹೇಳಿದರು. ಆ ಮನೆಯಲ್ಲಿ ಅದನ್ನು ಕೊಂಬು ದಾಶಿಯಿಂದಲೇ ಮಾಡುವುದರಿಂದ ಎಲ್ಲರೂ ಒಂದೇ ಪಾತ್ರೆಯಿಂದ ಉಂಡೆವು. ಶಿಮೊಗಾಮೊ ದೇವಾಲಯದ ದರ್ಶನ, ಎರಡು ನಮಸ್ಕಾರ, ಎರಡು ಚಪ್ಪಾಳೆ, ಮತ್ತೊಂದು ನಮಸ್ಕಾರ, ಐದು ಯೆನ್ನಿನ ನಾಣ್ಯ, ಇವೆಲ್ಲ ಪುಸ್ತಕದಲ್ಲಿ ಇದ್ದಂತೆಯೇ ನಡೆದವು. ಸರಿಯಾದ ದಿನ ಬಂದಿದ್ದರಿಂದ ಕಂಡಕಂಡವರಿಗೆ ‘ಅಕೆಮಾಶಿತೆ’ ಎಂದು ಹೇಳಿ ಹಳೆಯ ಸಾಲ ತೀರಿಸಿದೆ.

ಅಜ್ಜಿಗೂ ಹೇಳಿದೆ. 3ರ ಬೆಳಿಗ್ಗೆ ಅವರು ಮನೆಯ ಮುಂದಿನ ಓಣಿಯನ್ನು ಗುಡಿಸುತ್ತಿದ್ದರು. ಕ್ಯೋಟೊದಲ್ಲಿ ಗುಡಿಸುವಾಗ ಪಕ್ಕದವರ ಗಡಿಯೊಳಗೂ ತುಸು ಪೊರಕೆ ಆಡಿಸಬೇಕು, ಆದರೆ ಹೆಚ್ಚು ಗುಡಿಸಿದರೆ ನೀವು ಸೋಮಾರಿಗಳು ಎಂದಂತಾಗುತ್ತದೆ. ನಾನು ತಲೆಬಾಗಿ ಶುಭಾಶಯ ಹೇಳಿ, ಚಳಿಯ ಬಗ್ಗೆ ಒಂದು ಮಾತಾಡಿ ಮುಂದೆ ಹೋದೆ. 5ರಂದು ಮತ್ತೆ ಸಿಕ್ಕರು. ‘ಒಹಾಯೋ ಗೊಝಾಯಿಮಾಸ್’, ಬೆಳಗಿನ ನಮಸ್ಕಾರ, ಎಂದಷ್ಟೇ ಹೇಳಿದೆ. 6ರ ಸಂಜೆ ಒಕಾಸಾನ್ ಚಹಾ ಸುರಿಯುತ್ತ, ನನ್ನ ಮುಖ ನೋಡದೆ, ‘ಪಕ್ಕದ ಮನೆಯವರು ಕೇಳುತ್ತಿದ್ದರು, ಕುರೊಮಾಮೆ ಭಾರತದವರ ನಾಲಿಗೆಗೆ ಒಗ್ಗಲಿಲ್ಲವೇನೋ, ಸಕ್ಕರೆ ಹೆಚ್ಚಾಗಿತ್ತೇನೋ ಅಂತ’ ಎಂದರು. ಮೈಸೂರು ಪಾಕ್ ತಂದವರಿಗೆ ಸಕ್ಕರೆ ಹೆಚ್ಚಾಯಿತೇ ಎಂಬ ಪ್ರಶ್ನೆ! ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಶೂಗಳನ್ನು ತಿರುಗಿಸಿಡುತ್ತಿದ್ದ ಅದೇ ಕೈ ಈಗ ಬೇರೇನನ್ನೋ ತಿರುಗಿಸಿಡುತ್ತಿದೆಯೆಂದು ಆಗ ಹೊಳೆಯಿತು.

ನೇರವಾಗಿ ಕೇಳಿದ ಮೇಲೆ ಅವರು ಬಿಡಿಸಿ ಹೇಳಿದರು. ಏನನ್ನಾದರೂ ಪಡೆದಾಗ ಹೇಳುವ ಧನ್ಯವಾದ ಮೊದಲರ್ಧ ಮಾತ್ರ. ಮುಂದಿನ ಸಲ ಭೇಟಿಯಾದಾಗ, ನಮಸ್ಕಾರದ ಬೆನ್ನಿಗೇ, ‘ಕೊನೊ ಆಯಿದಾ ವಾ ಅರಿಗಾತೋ ಗೊಝಾಯಿಮಾಶಿತಾ’, ಮೊನ್ನೆ ಮಾಡಿದ ಉಪಕಾರಕ್ಕೆ ವಂದನೆ, ಎಂದು ಹೇಳಬೇಕು. ಅದನ್ನು ಹೇಳದಿದ್ದರೆ, ಕೊಟ್ಟದ್ದು ಹಿಡಿಸಲಿಲ್ಲ ಅಥವಾ ನೆನಪಿನಲ್ಲೇ ಇಲ್ಲ ಎಂದಾಗುತ್ತದೆ. ನಾನು ಆ ಅಜ್ಜಿಯನ್ನು ಎರಡು ಸಲ ಭೇಟಿಯಾಗಿ ಎರಡು ಸಲವೂ ಅವರ ಒಂದೂವರೆ ದಿನದ ದುಡಿಮೆಯನ್ನು ಮರೆತವರಂತೆ ನಡೆದು ಹೋಗಿದ್ದೆ.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಮೊದಮೊದಲು, ನಮ್ಮಲ್ಲಿ ಹೀಗೆ ಇಲ್ಲವಲ್ಲ, ಆಪ್ತರ ನಡುವೆ ಧನ್ಯವಾದವನ್ನು ಒಂದು ಸಲ ಹೇಳಿದರೇ ದೂರ ಮಾಡಿದಂತಾಗುತ್ತದೆ, ಎರಡು ಸಲ ಹೇಳಿದರೆ ಅಣಕಿಸಿದಂತೆ, ಎಂದು ನನ್ನನ್ನೇ ಸಮರ್ಥಿಸಿಕೊಂಡೆ. ಆಮೇಲೆ ನೆನಪಾಯಿತು: ಪಕ್ಕದ ಮನೆಯಿಂದ ಉಪ್ಪಿನಕಾಯಿ ಬಂದರೆ ಅಮ್ಮ ಧನ್ಯವಾದ ಎಂಬ ಪದವನ್ನು ಬಾಯಿಗೆ ತರುವುದಿಲ್ಲ ನಿಜ, ಆದರೆ ನಾಲ್ಕು ದಿನದ ನಂತರ ಕಾಂಪೌಂಡಿನ ಮೇಲಿಂದ, ‘ರೀ, ಮೊನ್ನೆ ಕೊಟ್ಟಿದ್ರಲ್ಲ ಮಾವಿನಮಿಡಿ, ನಮ್ಮನೆಯವರು ಅದರಲ್ಲೇ ಎರಡು ಸಲ ಅನ್ನ ಹಾಕಿಸಿಕೊಂಡ್ರು’ ಎಂದು ಹೇಳದೆ ಬಿಡುವುದೂ ಇಲ್ಲ. ಅದು ಇದೇ. ನಾನು ‘ಅರಿಗಾತೋ’ ಎಂಬ ಪದಕ್ಕೆ ಕನ್ನಡದ ಪದ ಹುಡುಕಿ ಧನ್ಯವಾದ ಎಂದಿಟ್ಟುಕೊಂಡು, ಧನ್ಯವಾದದ ಕಟ್ಟುಪಾಡುಗಳನ್ನೆಲ್ಲ ಅದಕ್ಕೆ ಹೊರಿಸಿದ್ದೆ. ಹುಡುಕಬೇಕಾಗಿದ್ದದ್ದು ಪದವನ್ನಲ್ಲ, ಕಾಂಪೌಂಡಿನ ಬಳಿ ಅಮ್ಮ ನಿಲ್ಲುತ್ತಿದ್ದ ಆ ಗಳಿಗೆಯನ್ನು.

7ರ ಬೆಳಿಗ್ಗೆ ಏಳು ಸೊಪ್ಪುಗಳ ಗಂಜಿ ಕುಡಿದು ಹೊರಗೆ ಹೋಗಿ, ಪೊರಕೆಯ ಸದ್ದು ಕೇಳಿಸುವವರೆಗೆ ಓಣಿಯಲ್ಲಿ ಸುಳಿದಾಡಿದೆ. ಅಜ್ಜಿ ಬಂದರು. ಹೇಳಬೇಕಾದ್ದನ್ನು ಹೇಳಿ, ಕಾಳು ಒಡೆಯದಂತೆ ಹೇಗೆ ಬೇಯಿಸುತ್ತೀರಿ ಎಂದೂ ಕೇಳಿದೆ. ಉತ್ತರ ಇಪ್ಪತ್ತು ನಿಮಿಷ ನಡೆಯಿತು. ಮೊಳೆಗಳ ಗಂಟನ್ನು ಒಳಗಿನಿಂದ ತಂದು ತೋರಿಸಿದರು. ಕಾಲು ಮರಗಟ್ಟಿ ಹೋಗಿತ್ತು, ಆದರೆ ನಡುವೆ ಹೊರಡುತ್ತೇನೆನ್ನುವ ಧೈರ್ಯ ಇನ್ನು ನನ್ನಲ್ಲಿ ಉಳಿದಿರಲಿಲ್ಲ.

ಇದೆಲ್ಲ ಕಲಿತೂ ಮತ್ತೊಮ್ಮೆ ಬಿದ್ದೆ. ಒಕಾಸಾನರ ಪರಿಚಯದ, ಚಹಾ ವಿಧಿಯನ್ನು ಕಲಿಸುವ ಮಹಿಳೆಯೊಬ್ಬರು ಮನೆಗೆ ಬಂದಿದ್ದಾಗ, ವರ್ಷದ ಮೊದಲ ಚಹಾ ಕೂಟವನ್ನು ಒಂದು ಮೂಲೆಯಲ್ಲಿ ಕುಳಿತು ನೋಡಬಹುದೇ ಎಂದು ಕೇಳಿದೆ. ಅವರು ಬಹಳ ಸೌಜನ್ಯದಿಂದ ‘ಕಂಗಾಯೆತೆ ಒಕಿಮಾಸ್’ ಎಂದರು. ‘ಕಂಗಾಯೆತೆ’ ಎಂದರೆ ಯೋಚಿಸಿ, ‘ಒಕಿಮಾಸ್’ ಎಂದರೆ ಇಡುತ್ತೇನೆ, ಯೋಚಿಸಿಟ್ಟಿರುತ್ತೇನೆ. ಅಕ್ಷರ ಅಕ್ಷರವೂ ಅರ್ಥವಾಗಿದ್ದರಿಂದ ನಾನು ಐದು ದಿನ ಕಾದೆ, ಒಳ್ಳೆಯ ಕಾಲುಚೀಲವನ್ನೂ ಕೊಂಡೆ. ಆರನೆಯ ದಿನ ಒತೋಸಾನ್ ಕಾಲುಚೀಲದ ಕಾರಣ ಕೇಳಿ ತಿಳಿದು, ಪತ್ರಿಕೆಯನ್ನು ಮಡಚಿಟ್ಟು, ಕ್ಯೋಟೊದಲ್ಲಿ ಅದು ‘ಆಗುವುದಿಲ್ಲ’ ಎಂದೇ ಅರ್ಥವೆಂದರು. ನಾನು ಯಾರನ್ನು ದೂರಲಿ? ಸಾಲ ಕೇಳಲು ಬಂದವರಿಗೆ ನಮ್ಮ ತಂದೆ ಅರವತ್ತು ವರ್ಷ ಹೇಳುತ್ತಾ ಬಂದಿರುವುದು ‘ನೋಡೋಣ’ ಎಂಬ ಮಾತನ್ನೇ, ಮತ್ತು ಅದನ್ನು ಕೇಳಿದ ಯಾರೂ ಮರುದಿನ ಬಂದು, ನೋಡಿದಿರಾ ಎಂದು ಕೇಳಿದ್ದಿಲ್ಲ.

ಅಜ್ಜಿಯ ಡಬ್ಬಿ ತೊಳೆದಿಟ್ಟು ಎರಡು ವಾರವಾಗಿತ್ತು. ಬರಿಯ ಡಬ್ಬಿಯನ್ನು ಹಿಂದಿರುಗಿಸಬಾರದೆಂಬುದನ್ನು ಮಾತ್ರ ನನಗೆ ಯಾವ ಊರಿನವರೂ ಕಲಿಸಬೇಕಾಗಿರಲಿಲ್ಲ. 14ರಂದು ಸಂಕ್ರಾಂತಿ. ಅಂಗಡಿಯಲ್ಲಿ ಹುರಿದ ಬಿಳಿ ಎಳ್ಳು ಸಿಕ್ಕಿತು, ಕಡಲೆಕಾಯಿ ಬೀಜ ಸಿಕ್ಕಿತು. ಬೆಲ್ಲದ ಬದಲಿಗೆ ಒಕಿನಾವಾ ದ್ವೀಪದ ‘ಕೊಕುತೋ’ ಎಂಬ ಕಪ್ಪು ಸಕ್ಕರೆಯ ಉಂಡೆಗಳು ಸಿಕ್ಕವು. ಕಬ್ಬಿನ ರಸವನ್ನು ಕಾಯಿಸಿ ಆರಿಸಿದ್ದು, ಮೂಸಿದರೆ ಥೇಟ್ ಮಂಡ್ಯದ ಆಲೆಮನೆ. ಹುರಿಗಡಲೆ ಸಿಗಲಿಲ್ಲ, ಕೊಬ್ಬರಿಯ ಆಸೆ ಬಿಟ್ಟೆ. ಕೊಕುತೋವನ್ನು ಅಡಕೊತ್ತಿಲ್ಲದೆ, ಒಕಾಸಾನರ ತರಕಾರಿ ಚಾಕುವಿನಿಂದ ಸಣ್ಣಗೆ ಕೊಚ್ಚಲು ಒಂದು ಗಂಟೆ ಹಿಡಿಯಿತು. ಡಬ್ಬಿಗೆ ತುಂಬಿ ಒಯ್ದುಕೊಟ್ಟು, ಇದನ್ನು ತಿಂದು ವರ್ಷವಿಡೀ ಒಳ್ಳೆಯ ಮಾತಾಡೋಣವೆಂದು ನಮ್ಮಲ್ಲಿ ಹೇಳುತ್ತಾರೆ ಎಂದೆ. ‘ತಿಂದು, ಒಳ್ಳೆಯ ಮಾತಾಡು’ ಎಂಬುದು ಜಪಾನೀ ಭಾಷೆಯಲ್ಲಿ ಒಂದು ಪದವೂ ಸ್ಥಾನ ಬದಲಿಸದೆ ಕುಳಿತುಕೊಂಡಿತು.

ಮರುದಿನ, 15ರಂದು, ಒಕಾಸಾನ್ ಬೆಳಿಗ್ಗೆಯೇ ಅಜುಕಿ ಕೆಂಪು ಕಾಳಿನ ಗಂಜಿ ಮಾಡಿದ್ದರು. ಹೊಸ ವರ್ಷದ ಹಬ್ಬವನ್ನು ಮುಗಿಸುವ ಈ ದಿನಕ್ಕೆ ಅಕ್ಕಿಯೊಂದಿಗೆ ಅಜುಕಿ ಬೇಯಿಸುವುದು ಕ್ಯೋಟೊದ ಕಡೆಯ ರೂಢಿ; ಸಂಕ್ರಾಂತಿಯ ಹುಗ್ಗಿಗೆ ಒಂದು ದಿನ ತಡವಾಯಿತೆಂದುಕೊಂಡು ಎರಡು ಬಟ್ಟಲು ಉಂಡೆ. ಬಾಗಿಲ ಪೈನ್ ಗಿಡವನ್ನು ಇಳಿಸುತ್ತಿದ್ದಾಗ ಅಜ್ಜಿ ಬಂದು, ಎಳ್ಳು ಬಹಳ ರುಚಿಯಾಗಿತ್ತೆಂದು ಹೇಳಿ, ಐದು ಮಿಕಾನ್ ಕಿತ್ತಳೆಗಳ ಚೀಲವೊಂದನ್ನು ನನ್ನ ಕೈಗಿತ್ತರು. ಎಳ್ಳುಬೆಲ್ಲಕ್ಕೆ ಪ್ರತಿಯಾಗಿ ಅದು. ಕುರೊಮಾಮೆಗೆ ಪ್ರತಿಯಾಗಿ ಎಳ್ಳುಬೆಲ್ಲ ಕೊಟ್ಟಿದ್ದೆ. ಈಗ ಕಿತ್ತಳೆಗೆ ಪ್ರತಿಯಾಗಿ ಏನು ಕೊಡಬೇಕೆಂದು ಒಕಾಸಾನರನ್ನು ಕೇಳಿದೆ. ಏನೂ ಬೇಡ, ಆದರೆ ಮುಂದಿನ ಸಲ ಸಿಕ್ಕಾಗ ಮರೆಯಬೇಡಿ ಎಂದರು.

16ರಂದು ನಾನು ಶಾಲೆಯ ಹತ್ತಿರದ ಕೋಣೆಗೆ ಹೋದೆ. ಒಂಬತ್ತು ದಿನದ ಬಳಿಕ, ದೆಮಾಚಿಯಾನಾಗಿ ನಿಲ್ದಾಣದ ಎದುರಿನ ಬಸ್ ಸ್ಟಾಪಿನಲ್ಲಿ, ಅಜ್ಜಿ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿರುವುದು ಕಂಡಿತು. ಬಸ್ಸು ಬಂದು ಬಾಗಿಲು ತೆರೆಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು ತಿರುಗಿ ನೋಡಿ, ಮೊನ್ನೆ ಕೊಟ್ಟ ಎಳ್ಳಿನ ತಿಂಡಿಗೆ ವಂದನೆ ಎಂದು ಬಾಗಿದರು. ನಾನು, ಇಲ್ಲ ಇಲ್ಲ, ನಿಮ್ಮ ಕಿತ್ತಳೆ ಬಹಳ ಸಿಹಿಯಾಗಿತ್ತು ಎಂದು ಅವರಿಗಿಂತ ತಗ್ಗಿ ಬಾಗಿದೆ. ಅವರು ಮತ್ತೆ ಬಾಗಿದರು. ಹಿಂದಿದ್ದವರು ನಮ್ಮನ್ನು ಬಳಸಿಕೊಂಡು ಹತ್ತಿದರು, ಬಾಗಿಲು ಮುಚ್ಚಿತು, ನಾವಿಬ್ಬರೂ ಮುಂದಿನ ಬಸ್ಸಿಗಾಗಿ ಹದಿನೈದು ನಿಮಿಷ ಕಾದೆವು.